ಬಾಲ್ಕನಿ ಗೋಡೆಯಲ್ಲೊಂದು ತೋಟ: ಅನುಮತಿ ಪತ್ರದಿಂದ ತಂಬುಳಿಯವರೆಗೆ

ನಮ್ಮ ಬಾಲ್ಕನಿ ಒಂಬತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ. ಬೆಂಗಳೂರಿನ ದಕ್ಷಿಣ ಭಾಗದ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿ, ಬಾಡಿಗೆ ಮನೆ. ವಾಷಿಂಗ್ ಮಷಿನ್, ಬಟ್ಟೆ ಒಣಗಿಸುವ ಸ್ಟ್ಯಾಂಡು, ನೆಲ ಒರೆಸುವ ಮಾಪು ಎಲ್ಲಾ ಅಲ್ಲೇ. ಇಷ್ಟಾದ ಮೇಲೆ ಕುಂಡ ಇಡಲು ಉಳಿಯುವುದು ಒಂದು ಮೂಲೆ ಮಾತ್ರ. ಆದರೆ ಬಾಗಿಲ ಪಕ್ಕದ ಗೋಡೆ ಐದು ಅಡಿಯಷ್ಟು ಸುಮ್ನೆ ಖಾಲಿ ಇತ್ತು. ಅಲ್ಲಿ ನಿಲ್ಲಿಸಿದ ತೋಟ ಈಗ ಒಂದು ಚಳಿಗಾಲ, ಒಂದು ಬೇಸಿಗೆ ದಾಟಿ ಮುಂಗಾರಿಗೆ ಬಂದಿದೆ. ವರ್ಟಿಕಲ್ ಗಾರ್ಡನ್ ಅಂದಾಗ ಹೊಸೂರು ರಸ್ತೆಯ ಫ್ಲೈಓವರ್ ಕಂಬಗಳ ಮೇಲೆ ಕೂರಿಸಿದ್ದ ಗಿಡಗಳು ನೆನಪಾಗುತ್ತವೆ, ಅಲ್ವಾ? ನೋಡಲು ಚೆಂದ. ಅದನ್ನು ಮನೆಯೊಳಗೆ ತರುವಾಗ ಗಿಡದ ಚಿಂತೆ ಶುರುವಾಗುವುದು ಕೊನೆಯಲ್ಲಿ. ಅದಕ್ಕೂ ಮೊದಲು ಓನರ್, ಅಸೋಸಿಯೇಷನ್, ವೆಲ್ಡಿಂಗ್ ಅಂಗಡಿ, ಕೆಳಗಿನ ಮನೆ ಎಲ್ಲಾ ಸಾಲಾಗಿ ನಿಂತಿರುತ್ತವೆ.

ಮೊದಲು ಇದನ್ನೇ ಕೆಲಸ ಮಾಡಿಕೊಂಡಿರುವ ಒಬ್ಬರನ್ನು ಕರೆಸಿ ಕೊಟೇಶನ್ ಕೇಳಿದೆವು. ಅವರು ಚದರ ಅಡಿ ಲೆಕ್ಕದಲ್ಲಿ ಒಟ್ಟು 27,000 ರೂಪಾಯಿ ಹೇಳಿದರು. ಮೇಲೆ ತಿಂಗಳಿಗೆ 1,500 ನಿರ್ವಹಣೆ. ಗಿಡ ಸತ್ತರೆ ಅವರೇ ಬಂದು ಬದಲಿಸುತ್ತಾರಂತೆ. ಆಫೀಸು, ಹೋಟೆಲ್ ರಿಸೆಪ್ಷನ್‌ಗೆ ಅದು ಸರಿ. ನಮಗೆ ಸೊಪ್ಪು ಬೇಕಿತ್ತು, ಒಂದೆಲಗ ಬೇಕಿತ್ತು. ಅವರ ಪಟ್ಟಿಯಲ್ಲಿ ಇದ್ದದ್ದು ಬರೀ ಅಲಂಕಾರದ ಗಿಡ. ನಾವೇ ಮಾಡೋಣ ಅಂತ ನಿರ್ಧಾರ ಆಯಿತು.

ಬಾಡಿಗೆ ಮನೆ ಆದ್ದರಿಂದ ಮೊದಲ ಫೋನ್ ಓನರ್‌ಗೆ. ಅವರು ಮೈಸೂರಿನಲ್ಲಿ ಇರುವುದು. "ಗಿಡ ಇಟ್ಕೊಳ್ಳಮ್ಮ, ಅದಕ್ಕೇನು. ಆದ್ರೆ ಗೋಡೆಗೆ ಡ್ರಿಲ್ ಹಾಕಿದ್ರೆ ಅಡ್ವಾನ್ಸಲ್ಲಿ ಹಿಡ್ಕೊತೀನಿ" ಅಂದರು. ಆಗ ಬೇಜಾರಾಯಿತು. ಆಮೇಲೆ ಯೋಚಿಸಿದರೆ ಅದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಈಗಿನ ಎಷ್ಟೋ ಕಟ್ಟಡಗಳಲ್ಲಿ ಗೋಡೆಗೆ ಟೊಳ್ಳು ಬ್ಲಾಕ್ ಹಾಕಿರುತ್ತಾರೆ. ನೀರು ಕುಡಿದ ಕುಂಡಗಳ ಭಾರಕ್ಕೆ ಅದರಲ್ಲಿ ಬೋಲ್ಟ್ ಸಡಿಲವಾಗುತ್ತದೆ. ಗೋಡೆಯೊಳಗೆ ಪೈಪು, ವೈರು ಎಲ್ಲಿ ಹೋಗಿದೆ ಅಂತ ಬಾಡಿಗೆಯವರಿಗೆ ಗೊತ್ತೂ ಇರುವುದಿಲ್ಲ. ಸ್ವಂತ ಮನೆಯವರಿಗೂ ನನ್ನ ಸಲಹೆ ಇದೇ: ತನ್ನ ಕಾಲ ಮೇಲೆ ತಾನೇ ನಿಲ್ಲುವ ಫ್ರೇಮ್ ಮಾಡಿಸಿ, ಗೋಡೆಯಿಂದ ಮೂರು ಇಂಚಾದರೂ ದೂರ ಇಡಿ. ಆ ಸಂದಿಯಲ್ಲಿ ಗಾಳಿ ಆಡಿದರೆ ಗೋಡೆ ತೇವ ಹಿಡಿಯುವುದಿಲ್ಲ, ಬಣ್ಣ ಉಬ್ಬಿ ಬರುವುದಿಲ್ಲ.

ಓನರ್ ವಾಟ್ಸಾಪ್‌ನಲ್ಲಿ ಒಪ್ಪಿಗೆ ಕಳಿಸಿದರು. ಅಸೋಸಿಯೇಷನ್ ಅದನ್ನು ಒಪ್ಪಲಿಲ್ಲ. ಸಹಿ ಇರುವ ಪತ್ರ ಬೇಕು ಅಂದರು. ಅದು ಕೊರಿಯರ್‌ನಲ್ಲಿ ಬರುವವರೆಗೆ ಕಾದೆವು. ಕಮಿಟಿ ಸಭೆ ಸೇರುವುದು ತಿಂಗಳಿಗೊಮ್ಮೆ. ಆ ತಿಂಗಳು ಕೋರಂ ಇಲ್ಲ ಅಂತ ಮುಂದಕ್ಕೆ ಹೋಯಿತು. ಒಂದು ಬಾಲ್ಕನಿಯಲ್ಲಿ ಪಾಲಕ್ ಬೆಳೆಯಲು ಇಷ್ಟೆಲ್ಲಾ ಬೇಕಾ ಅಂತ ನನಗೆ ರೇಗಿ ಹೋಗಿತ್ತು. ನಮ್ಮ ಮನೆಯವರು ಮಾತ್ರ ತಣ್ಣಗೆ ಕೂತು ತೂಕದ ಲೆಕ್ಕ ಬರೆಯುತ್ತಿದ್ದರು.

ಆ ಲೆಕ್ಕವೇ ಕೊನೆಗೆ ಕೈ ಹಿಡಿಯಿತು. ಐದು ಅಡಿ ಅಗಲದ ಫ್ರೇಮ್, ಆರು ಸಾಲು, ಸಾಲಿಗೆ ಒಂಬತ್ತು ಕುಂಡ, ಒಟ್ಟು 54. ಒಂದೊಂದರಲ್ಲಿ ಒಂದೂವರೆ ಲೀಟರ್ ಮಿಶ್ರಣ ಹಿಡಿಯುತ್ತದೆ. ಬರೀ ಮಣ್ಣು ತುಂಬಿ ನೀರು ಹಾಕಿದರೆ ಕುಂಡಗಳೇ 140 ಕೆಜಿ ದಾಟುತ್ತವೆ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಜಾಸ್ತಿ ಇರುವ ಮಿಶ್ರಣವಾದರೆ 80 ಕೆಜಿಯ ಹತ್ತಿರ ನಿಲ್ಲುತ್ತದೆ. ಫ್ರೇಮ್ ಸೇರಿ ನೂರು. ವಾಸದ ಮನೆಗಳ ಬಾಲ್ಕನಿಯನ್ನು ಚದರ ಮೀಟರಿಗೆ ಸುಮಾರು 300 ಕೆಜಿ ಭಾರಕ್ಕೆ ವಿನ್ಯಾಸ ಮಾಡಬೇಕು ಅಂತ ಭಾರತೀಯ ಮಾನಕ ಐಎಸ್ 875 ಹೇಳುತ್ತದೆ. ನಾವು ಅದರ ಅರ್ಧವನ್ನೂ ಮುಟ್ಟುವುದಿಲ್ಲ ಅಂತ ಕಾಗದದಲ್ಲಿ ತೋರಿಸಿದೆವು. ಹಳೇ ಕಟ್ಟಡ, ಬಿರುಕು ಬಿಟ್ಟ ಬಾಲ್ಕನಿ ಆದರೆ ಈ ಲೆಕ್ಕ ನಂಬಿ ಕೂರಬೇಡಿ, ಎಂಜಿನಿಯರ್‌ಗೆ ತೋರಿಸಿ. ಕಟಕಟೆಗೆ, ಅಂದರೆ ರೇಲಿಂಗ್‌ಗೆ, ಭಾರದ ಕುಂಡ ನೇತುಹಾಕುವುದಂತೂ ಬೇಡವೇ ಬೇಡ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ.

ಸಭೆಯಲ್ಲಿ ತೂಕದ ಬಗ್ಗೆ ಜಾಸ್ತಿ ಯಾರೂ ಕೇಳಲಿಲ್ಲ. ಕೇಳಿದ್ದು ನೀರಿನ ಬಗ್ಗೆ. 2024ರ ಮಾರ್ಚ್ ಯಾರಿಗೂ ಮರೆತಿಲ್ಲ. ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆಗ ಆದೇಶ ಮಾಡಿತ್ತು. "ಮತ್ತೆ ಟ್ಯಾಂಕರ್ ತರಿಸೋ ಕಾಲ ಬಂದ್ರೆ ನಿಮ್ಮ ಗಿಡಕ್ಕೆ ಏನ್ ಮಾಡ್ತೀರಿ?" ಅಂತ ಸೆಕ್ರೆಟರಿ ಸರ್ ಕೇಳಿದರು. ಅಡುಗೆಮನೆಯ ಆರ್‌ಒ ಫಿಲ್ಟರಿನಿಂದ ಹೊರಗೆ ಹೋಗುವ ನೀರನ್ನೇ ಬಳಸುತ್ತೇವೆ ಅಂದೆ. ಎರಡನೇ ಪ್ರಶ್ನೆ ಸೊಳ್ಳೆ. ಅದೇ ವರ್ಷ ಡೆಂಗಿ ಜೋರಾಗಿತ್ತು, ಸೊಳ್ಳೆ ಮರಿಯಾಗುವಂತೆ ನೀರು ನಿಲ್ಲಿಸಿದವರಿಗೆ ಸರ್ಕಾರ ದಂಡವನ್ನೂ ತಂದಿತ್ತು. ಮೂರನೆಯದು, ಕೆಳಗಿನ ಮನೆಗೆ ನೀರು ತೊಟ್ಟಿಕ್ಕುವುದು.

ನಿಮ್ಮ ಅಸೋಸಿಯೇಷನ್‌ಗೆ ಅರ್ಜಿ ಕೊಡುವವರು ಇಷ್ಟನ್ನು ಮೊದಲೇ ಜೋಡಿಸಿಕೊಂಡು ಹೋಗಿ: ಓನರ್ ಸಹಿ ಮಾಡಿದ ಪತ್ರ, ಫ್ರೇಮಿನ ಅಳತೆ ಇರುವ ಒಂದು ಸ್ಕೆಚ್, ತೂಕದ ಲೆಕ್ಕ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬ ವಿವರ, ಮನೆ ಖಾಲಿ ಮಾಡುವಾಗ ಎಲ್ಲಾ ತೆಗೆದು ಸರಿಮಾಡಿ ಕೊಡುತ್ತೇವೆ ಎಂಬ ಮುಚ್ಚಳಿಕೆ. ಎಲ್ಲಕ್ಕಿಂತ ಮುಖ್ಯ, ಕೆಳಗಿನ ಮನೆಯವರ ಒಪ್ಪಿಗೆ. ನಾನು ಸಭೆಗೆ ಮೊದಲೇ ಕೆಳಗಿನ ಆಂಟಿ ಮನೆಗೆ ಹೋಗಿ ಕಾಫಿ ಕುಡಿದು, ಸಹಿ ಹಾಕಿಸಿಕೊಂಡು ಬಂದಿದ್ದೆ. ಆ ಕಾಗದ ಮೇಜಿನ ಮೇಲೆ ಇಟ್ಟ ಮೇಲೆ ವಾದ ಜಾಸ್ತಿ ಬೆಳೆಯಲಿಲ್ಲ.

ಈ ಕಾಯುವ ಕಾಲ ದಂಡವಾಗಲಿಲ್ಲ. ಬಿಸಿಲು ಎಲ್ಲಿ ಬೀಳುತ್ತದೆ ಅಂತ ನೋಡಿಕೊಂಡೆವು. ನಮ್ಮದು ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿ. ಮೇ, ಜೂನ್‌ನಲ್ಲಿ ಊರೆಲ್ಲಾ ಉರಿಯುತ್ತಿದ್ದರೂ ಮಧ್ಯಾಹ್ನ ನಮ್ಮಲ್ಲಿ ನೇರ ಬಿಸಿಲೇ ಇಲ್ಲ. ಯಾಕೆ ಅಂತ ಹೇಳಿದ್ದು ಮಗಳು. ಆಗಸ್ಟ್‌ನಲ್ಲಿ ಅವಳ ಶಾಲೆಯಲ್ಲಿ ಶೂನ್ಯ ನೆರಳಿನ ದಿನ ಅಂತ ಅಂಗಳದಲ್ಲಿ ಬಾಟಲಿ ನಿಲ್ಲಿಸಿ ನೋಡಿದ್ದರು. ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ಆ ಎರಡರ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೆ ಇರುತ್ತಾನೆ. ಹಾಗಾಗಿ ದಕ್ಷಿಣದ ಬಾಲ್ಕನಿಗೆ ಬೇಸಿಗೆಯಲ್ಲಿ ನೆರಳು, ಡಿಸೆಂಬರ್‌ನಲ್ಲಿ ಧಾರಾಳ ಬಿಸಿಲು. ಉತ್ತರದ ಬಾಲ್ಕನಿಯವರಿಗೆ ಇದು ತಿರುವುಮುರುವು.

ಇನ್ನೊಂದು ವಿಷಯ ಯಾರೂ ಹೇಳಿರಲಿಲ್ಲ. ಬಿಸಿಲು ಬೇಕಾದ ಗಿಡ ಮೇಲಿನ ಸಾಲಿಗೆ, ನೆರಳಿನ ಗಿಡ ಕೆಳಗೆ ಅಂತ ಕೇಳಿದವರೆಲ್ಲಾ ಹೇಳಿದರು. ತೆರೆದ ಕಾಂಪೌಂಡ್ ಗೋಡೆಗೆ ಅದು ಸರಿ. ತಲೆಯ ಮೇಲೆ ಇನ್ನೊಂದು ಮನೆಯ ಬಾಲ್ಕನಿ ಚಾಚಿಕೊಂಡಿದ್ದರೆ ಲೆಕ್ಕ ಉಲ್ಟಾ. ಮಧ್ಯಾಹ್ನದ ಬಿಸಿಲು ಓರೆಯಾಗಿ ಒಳಗೆ ಬಂದಾಗ ಗೋಡೆಯ ಮೇಲ್ಭಾಗಕ್ಕೆ ಆ ಚಪ್ಪಡಿಯ ನೆರಳು ಬೀಳುತ್ತದೆ, ಕೆಳಗಿನ ನಾಲ್ಕು ಅಡಿಗೆ ಬಿಸಿಲು ಸಿಗುತ್ತದೆ. ನಮ್ಮದು ಕಂಬಿ ರೇಲಿಂಗ್ ಆದ್ದರಿಂದ ತಡೆಯೂ ಇಲ್ಲ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ರಜಾ ದಿನ ಗಂಟೆಗೊಮ್ಮೆ ಗುರುತು ಹಾಕಿ ನೋಡಿದೆವು. ದುಡ್ಡು ಖರ್ಚು ಮಾಡುವ ಮೊದಲು ನೀವೂ ಇದೊಂದು ಕೆಲಸ ಮಾಡಿ. ಯಾವ ಗಿಡ ಎಲ್ಲಿ ಅನ್ನುವುದು ಆ ಗೆರೆಗಳಿಂದಲೇ ತೀರ್ಮಾನ ಆಗುತ್ತದೆ.

ಫ್ರೇಮ್ ಮಾಡಿಕೊಟ್ಟದ್ದು ಹತ್ತಿರದ ವೆಲ್ಡಿಂಗ್ ಅಂಗಡಿ. ಜಿಐ (ಸತುವಿನ ಲೇಪ ಇರುವ ಕಬ್ಬಿಣ) ಚೌಕ ಪೈಪು, ಕೆಳಗೆ ಒಂದೂವರೆ ಅಡಿ ಅಗಲದ ಪಾದ, ಎತ್ತರ ಐದೂವರೆ ಅಡಿ. ಅದಕ್ಕಿಂತ ಎತ್ತರ ಬೇಡ, ಸ್ಟೂಲ್ ಹತ್ತಿ ಸೊಪ್ಪು ಕೀಳುವ ಉತ್ಸಾಹ ಒಂದು ವಾರ ಇರುತ್ತದೆ, ಅಷ್ಟೇ. ಅಂಗಡಿಯ ಅಣ್ಣನಿಗೆ ಎರಡು ವಿಷಯ ಒತ್ತಿ ಹೇಳಿದೆ. ಲಿಫ್ಟ್‌ನಲ್ಲಿ ಹಿಡಿಯುವಂತೆ ಎರಡು ತುಂಡು ಮಾಡಿ ಬೋಲ್ಟ್ ಹಾಕಬೇಕು. ವೆಲ್ಡಿಂಗ್ ಮಾಡಿದ ಜಾಗದಲ್ಲಿ ಜಿಐ ಲೇಪ ಸುಟ್ಟು ಹೋಗಿರುತ್ತದೆ, ಅಲ್ಲಿ ಪ್ರೈಮರ್ ಹೊಡೆಯಲೇಬೇಕು. ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಹಿಡಿಯುತ್ತದೆ. "ನಾಳೆ ಕೊಡ್ತೀನಿ ಮೇಡಂ" ಅಂದವರ ನಾಳೆ ಬರಲು ಗೌರಿ ಹಬ್ಬ ಕಳೆಯಿತು.

ಅಷ್ಟರಲ್ಲಿ ಕೋಕೋಪೀಟ್ ತೊಳೆಯುವ ಕೆಲಸ. ಐದು ಕೆಜಿಯ ಒಂದು ಇಟ್ಟಿಗೆಗೆ ನೀರು ಹಾಕಿದರೆ ಉಬ್ಬಿ ಅರವತ್ತು ಲೀಟರಿಗೂ ಮೀರಿ ಆಗುತ್ತದೆ, ದೊಡ್ಡ ಟಬ್ ಬೇಕು. ತೆಂಗಿನ ನಾರಿನಲ್ಲಿ ಉಪ್ಪಿನ ಅಂಶ ಇರುತ್ತದೆ. ಅದನ್ನು ತೊಳೆಯದೆ ಬಳಸಿದರೆ ಎಳೆಯ ಸಸಿಗಳ ಎಲೆ ಅಂಚು ಸುಡುತ್ತದೆ. ಮೊದಲ ನೀರು ಕಡು ಟೀ ಡಿಕಾಕ್ಷನ್ ಹಾಗೆ ಇಳಿಯಿತು. ಅದು ತಿಳಿಯಾಗುವವರೆಗೆ ಬಸಿದೆವು, ಬಸಿದ ನೀರನ್ನು ಟಾಯ್ಲೆಟ್‌ಗೆ ಬಳಸಿದೆವು. ಮಿಶ್ರಣ ಹೀಗೆ: ಅರ್ಧ ಕೋಕೋಪೀಟ್, ಉಳಿದ ಅರ್ಧದಲ್ಲಿ ಹೆಚ್ಚಿನ ಪಾಲು ಎರೆಗೊಬ್ಬರ, ಸ್ವಲ್ಪ ಕೆಂಪು ಮಣ್ಣು, ಮೇಲೆ ಒಂದೆರಡು ಹಿಡಿ ಬೇವಿನ ಹಿಂಡಿ.

ಗಿಡಕ್ಕೆ ಲಾಲ್‌ಬಾಗ್ ಕಡೆ ಹೋದೆವು. ಸಿದ್ದಾಪುರದ ನರ್ಸರಿಗಳಲ್ಲಿ ಸುತ್ತಿದರೆ ಸ್ಪೈಡರ್ ಪ್ಲಾಂಟ್, ಸಿಂಗೋನಿಯಂ, ಮನಿ ಪ್ಲಾಂಟ್ ಎಲ್ಲಾ ಸಿಗುತ್ತವೆ. ಚಿಕ್ಕ ಕವರಿನ ಗಿಡಗಳನ್ನೇ ಕೇಳಿ. ದೊಡ್ಡ ಗಿಡದ ಬೇರು ಒಂದೂವರೆ ಲೀಟರಿನ ಕುಂಡದಲ್ಲಿ ಹಿಡಿಸುವುದಿಲ್ಲ. ಸೊಪ್ಪಿನ ಬೀಜಕ್ಕೆ ಹೆಸರಘಟ್ಟದ ಐಐಎಚ್‌ಆರ್, ಅಂದರೆ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಒಳ್ಳೆಯದು. ಅವರ ಪಾಲಕ್ ತಳಿ ಅರ್ಕಾ ಅನುಪಮ, ಹರಿವೆಯಲ್ಲಿ ಅರ್ಕಾ ಸುಗುಣ. ಇವನ್ನು ಕತ್ತರಿಸಿದಷ್ಟೂ ಚಿಗುರುತ್ತವೆ, ಗೋಡೆ ತೋಟಕ್ಕೆ ಅದೇ ಬೇಕಾದ್ದು. ಮನೆಗಳಲ್ಲಿ ತರಕಾರಿ ಬೆಳೆಯಲೆಂದು ಅರ್ಕಾ ಹೆಸರಿನಲ್ಲೇ ಒಂದು ವರ್ಟಿಕಲ್ ಗಾರ್ಡನ್ ಚೌಕಟ್ಟನ್ನೂ ಅವರು ರೂಪಿಸಿದ್ದಾರೆ. ನಮ್ಮ ಗೋಡೆಯ ಅಳತೆ ಬೇರೆ ಆದ್ದರಿಂದ ನಾವು ಬೇರೆಯೇ ಮಾಡಿಸಿದೆವು. ಒಂದೆಲಗ, ದೊಡ್ಡಪತ್ರೆ ಮಾತ್ರ ಸಾಗರದಿಂದ ಅಮ್ಮ ಬಸ್ಸಿನಲ್ಲಿ ಕಳಿಸಿದರು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಡಿಕೆ ಹಾಳೆಯಲ್ಲಿ ಕಟ್ಟಿ. "ಇದನ್ನು ದುಡ್ಡು ಕೊಟ್ಟು ತಗೊಂಡ್ರೆ ಊರಲ್ಲಿ ನಗ್ತಾರೆ ಕಣೆ" ಅಂತ ಫೋನಿನಲ್ಲಿ ಬೇರೆ ಹೇಳಿದರು.

ಜೋಡಣೆ ಹೀಗಾಯಿತು. ಮೇಲಿನ ಎರಡು ಸಾಲು ನೆರಳು, ಆದರೆ ಗಾಳಿಗೆ ಬೇಗ ಒಣಗುತ್ತವೆ. ಅಲ್ಲಿ ಮನಿ ಪ್ಲಾಂಟ್, ಸ್ಪೈಡರ್ ಪ್ಲಾಂಟ್, ಸಿಂಗೋನಿಯಂ. ನಡುವಿನ ಮೂರರಲ್ಲಿ ಪಾಲಕ್, ಮೆಂತ್ಯ, ಹರಿವೆ, ಕೊತ್ತಂಬರಿ, ಅಂಚಿನ ಕುಂಡಗಳಲ್ಲಿ ದೊಡ್ಡಪತ್ರೆ. ತೀರಾ ಕೆಳಗಿನ ಸಾಲಿಗೆ ಮೇಲಿನ ನೀರೆಲ್ಲಾ ಬಸಿದು ಬಂದು ಸದಾ ಒದ್ದೆ. ಅಲ್ಲಿ ಪುದೀನ, ಒಂದೆಲಗ. ಗದ್ದೆ ಬದುವಿನಲ್ಲಿ ಬೆಳೆಯುವ ಒಂದೆಲಗಕ್ಕೆ ಅದಕ್ಕಿಂತ ಒಳ್ಳೆ ಜಾಗ ಎಲ್ಲಿದೆ? ಟೊಮೆಟೊ, ಬದನೆ ಹಾಕುವ ಆಸೆ ಇದ್ದವರು ನೆಲದ ಮೇಲೆ ದೊಡ್ಡ ಕುಂಡ ಇಟ್ಟುಕೊಳ್ಳಿ.

ಮೊದಮೊದಲು ಮಗ್ಗಿನಲ್ಲಿ ನೀರು ಹಾಕುತ್ತಿದ್ದೆ. 54 ಕುಂಡಕ್ಕೆ ದಿನಾ ಬೆಳಿಗ್ಗೆ, ಟಿಫನ್ ಡಬ್ಬಿ ಕಟ್ಟುವ ಹೊತ್ತಿಗೆ, ಆಗದ ಕೆಲಸ. ಡ್ರಿಪ್ ಹಾಕಿಸಿದೆವು. ಅಂಗಡಿಯವರು ಕೊಟ್ಟದ್ದು ಕೂಲರ್‌ಗೆ ಹಾಕುವ 18 ವ್ಯಾಟಿನ ಪುಟ್ಟ ಪಂಪು. ಕೆಳಗಿನ ಸಾಲುಗಳಿಗೆ ನೀರು ಚೆನ್ನಾಗಿ ಬರುತ್ತಿತ್ತು, ಮೇಲಿನ ಸಾಲಿಗೆ ಬರುತ್ತಲೇ ಇರಲಿಲ್ಲ. ಆ ಪಂಪು ನೀರೆತ್ತುವುದೇ ಆರು ಅಡಿಯವರೆಗೆ, ಆ ಎತ್ತರ ಮುಟ್ಟುವ ಹೊತ್ತಿಗೆ ಹರಿವು ಸೊನ್ನೆ. ಪಂಪ್ ಕೊಳ್ಳುವಾಗ ವ್ಯಾಟ್ ನೋಡಿದರೆ ಸಾಲದು, ಎಷ್ಟು ಮೀಟರ್ ಎತ್ತುತ್ತದೆ ಅಂತ ಡಬ್ಬಿಯ ಮೇಲೆ ಓದಿ. ನಿಮ್ಮ ಮೇಲಿನ ಸಾಲಿನ ಎತ್ತರಕ್ಕೆ ಒಂದೂವರೆ ಪಟ್ಟು ಇರಲಿ. ಅಂಗಡಿಯವರು ಮೂರು ಮೀಟರ್ ಎತ್ತುವ ಪಂಪಿಗೆ ಬದಲಿಸಿಕೊಟ್ಟರು, ವ್ಯತ್ಯಾಸದ ದುಡ್ಡು ತಗೊಂಡು. ಮುಖ್ಯ ಪೈಪು 16 ಎಂಎಂ, ಕುಂಡಕ್ಕೆ ಹೋಗುವುದು 4 ಎಂಎಂ. ಟೈಮರ್ ಬೆಳಿಗ್ಗೆ ಐದು ನಿಮಿಷ ಬಿಡುತ್ತದೆ. ಬೇಸಿಗೆಯಲ್ಲಿ ಸಂಜೆಯೂ ಸ್ವಲ್ಪ. ಬಿಸಿ ಜೋರಿರುವಾಗ ದಿನಕ್ಕೆ ಹತ್ತು ಹನ್ನೆರಡು ಲೀಟರ್ ಸಾಕು.

ಆ ಹತ್ತು ಲೀಟರ್ ಆರ್‌ಒ ತ್ಯಾಜ್ಯ ನೀರಿನಿಂದಲೇ ಬರುತ್ತದೆ. ಆದರೆ ಒಂದು ಎಚ್ಚರಿಕೆ. ಫಿಲ್ಟರ್ ತೆಗೆದ ಲವಣವೆಲ್ಲಾ ಆ ನೀರಿನಲ್ಲೇ ಇರುತ್ತದೆ. ಕಾವೇರಿ ನೀರು ಬರುವ ದಿನ ತೊಂದರೆ ಇಲ್ಲ. ಬೋರ್ ನೀರಾದರೆ ಅದರ ತ್ಯಾಜ್ಯ ನೀರನ್ನು ಹಾಗೇ ಹಾಕುತ್ತಾ ಹೋದರೆ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಒಂದು ಚಿಕ್ಕ ಟಿಡಿಎಸ್ ಮೀಟರ್ ತಗೊಳ್ಳಿ. ರೀಡಿಂಗ್ ಜಾಸ್ತಿ ಬಂದ ದಿನ ತರಕಾರಿ ತೊಳೆದ ನೀರನ್ನು ಸೋಸಿ ಸಮಸಮ ಬೆರೆಸುತ್ತೇನೆ. ಮಳೆಗಾಲದಲ್ಲಿ ಬಕೆಟ್ ಹೊರಗಿಟ್ಟು ಮಳೆ ನೀರಿನಲ್ಲಿ ಒಮ್ಮೆ ಚೆನ್ನಾಗಿ ತೊಳೆದುಬಿಟ್ಟರೆ ಕಟ್ಟಿದ ಲವಣ ಇಳಿಯುತ್ತದೆ. ಅಕ್ಕಿ ತೊಳೆದ ನೀರನ್ನು ಮಾತ್ರ ಡ್ರಿಪ್‌ಗೆ ಹಾಕಬೇಡಿ, ಗಂಜಿ ಕಟ್ಟಿ ತೂತು ಮುಚ್ಚುತ್ತದೆ. ಅದು ಕೈಯಿಂದ ಹಾಕಲು ಸರಿ.

ನೀರು ಕೆಳಗೆ ಹೋಗದಂತೆ ನಾಲ್ಕು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿಸಿ, ಕೊನೆಯ ಸಾಲಿನ ಅಡಿಯಲ್ಲಿ ಸ್ವಲ್ಪ ಇಳಿಜಾರು ಕೊಟ್ಟು ಕೂರಿಸಿದ್ದೇವೆ. ಅದು ಮುಚ್ಚಳದ ಬಕೆಟ್ಟಿಗೆ ಹೋಗುತ್ತದೆ. ಅಗಲವಾದ ಟ್ರೇ ಇಟ್ಟರೆ ನೀರು ನಿಂತು ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಒಂದು ವಾರ, ಹತ್ತು ದಿನ ಸಾಕು. ಲಾರ್ವಾ ನೋಡಲು ಆರೋಗ್ಯ ಇಲಾಖೆಯ ಕಾರ್ಯಕರ್ತೆಯರು ಬಂದಾಗ ನೇರವಾಗಿ ಬಾಲ್ಕನಿಗೇ ನಡೆದರು. ಟಾರ್ಚ್ ಹಾಕಿ ಬಕೆಟ್, ಪೈಪು ಎಲ್ಲಾ ನೋಡಿದರು. ಏನೂ ಸಿಗಲಿಲ್ಲ. ಹೋಗುವಾಗ ಒಬ್ಬರು ಪುದೀನ ಕಡ್ಡಿ ಕೇಳಿ ತಗೊಂಡು ಹೋದರು.

ಇಷ್ಟೆಲ್ಲಾ ಮಾಡಿದ ಮೇಲೂ ನವೆಂಬರ್‌ನಲ್ಲಿ ಪಾಲಕ್ ಎಲೆ ಹಳದಿ ತಿರುಗಿತು. ಮನಸ್ಸು ಕುಗ್ಗಿತು. ಅಷ್ಟು ಓಡಾಟ, ಅಷ್ಟು ದುಡ್ಡು, ಬಂದವರಿಗೆಲ್ಲಾ ತೋರಿಸಿದ್ದು ಬೇರೆ. ಕಾರಣ ಸರಳ. ಕೋಕೋಪೀಟ್‌ನಲ್ಲಿ ಪೋಷಕಾಂಶ ಇಲ್ಲವೇ ಇಲ್ಲ ಅನ್ನಬಹುದು, ಚಿಕ್ಕ ಕುಂಡದಿಂದ ದಿನದಿನವೂ ಗೊಬ್ಬರ ಬಸಿದು ಹೋಗುತ್ತದೆ. ನೆಲದ ಗಿಡದ ಹಾಗೆ ಒಮ್ಮೆ ಗೊಬ್ಬರ ಹಾಕಿ ಸುಮ್ಮನಿರಲು ಆಗದು. ಕಡಲೆಕಾಯಿ ಹಿಂಡಿ ನೆನೆಸಿದ ನೀರು ಹಾಕಿದೆ. ಗಿಡಕ್ಕೆ ಹಿಡಿಸಿತು, ಕೆಳಗಿನ ಆಂಟಿಗೆ ಹಿಡಿಸಲಿಲ್ಲ. "ಏನಮ್ಮ, ಏನೋ ಸತ್ತ ವಾಸನೆ" ಅಂತ ಮೇಲೆ ಬಂದರು. ಆಮೇಲಿಂದ ಎರೆಜಲ, ಅಂದರೆ ಎರೆಹುಳು ತೊಟ್ಟಿಯಿಂದ ಬಸಿದ ನೀರು, ತೆಳ್ಳಗೆ ಮಾಡಿ ಹಾಕುತ್ತೇನೆ. ಅದು ಸಿಗದಿದ್ದಾಗ ವಾರಕ್ಕೊಮ್ಮೆ ಲೀಟರಿಗೆ ಒಂದು ಗ್ರಾಂ 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ, ನೀರಲ್ಲಿ ಕರಗುವ ರಾಸಾಯನಿಕ ಗೊಬ್ಬರ. ಪೂರ್ತಿ ಸಾವಯವ ಬೇಕು ಅನ್ನುವವರು ಅಪಾರ್ಟ್‌ಮೆಂಟಿನಲ್ಲಿ ವಾಸನೆಯ ಲೆಕ್ಕವನ್ನೂ ಹಾಕಿಕೊಳ್ಳಿ.

ಫೆಬ್ರವರಿ ಕೊನೆಗೆ ಹಿಟ್ಟು ತಿಗಣೆ ಬಂತು. ಕುಂಡಗಳು ಒಂದಕ್ಕೊಂದು ತಾಗಿಕೊಂಡಿರುವುದರಿಂದ ಇಲ್ಲಿ ಕೀಟ ಬೇಗ ಹಬ್ಬುತ್ತದೆ. ಬಿಳಿ ಹತ್ತಿಯಂಥದ್ದು ಕಂಡ ಕೂಡಲೇ ಆ ಕುಂಡವನ್ನು ಹೊರಗೆ ತೆಗೆಯಿರಿ. ಒಂದೊಂದು ಕುಂಡ ಬೇರೆಬೇರೆಯಾಗಿ ಕಳಚುವ ವ್ಯವಸ್ಥೆ ಬೇಕು ಅನ್ನುವುದು ಇದಕ್ಕೇ. ಬೇವಿನ ಎಣ್ಣೆ ಲೀಟರಿಗೆ ಐದು ಎಂಎಲ್, ಎರಡು ಹನಿ ಸೋಪ್ ದ್ರಾವಣ, ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಬೇಕು. ಪಾರಿವಾಳದ ಕಥೆ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ನೆಟ್ ಹಾಕಿಸದೆ ಒಂದು ಮೆಂತ್ಯದ ಕಾಳೂ ಮೊಳೆಯುವುದಿಲ್ಲ.

ಖರ್ಚು ಕೇಳುವವರಿಗೆ: ಫ್ರೇಮ್ 6,500, ಕುಂಡ 2,500, ಮಿಶ್ರಣ 1,200, ಗಿಡ ಮತ್ತು ಬೀಜ 2,000, ಡ್ರಿಪ್, ಪಂಪ್, ಟೈಮರ್ 2,400, ಪಾರಿವಾಳದ ನೆಟ್ 1,800. ಒಟ್ಟು 16,400 ರೂಪಾಯಿ. ಇದರಿಂದ ತರಕಾರಿ ದುಡ್ಡು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚಳಿಗಾಲದಲ್ಲಿ ವಾರಕ್ಕೆ ಎರಡು ಮೂರು ಕಟ್ಟು ಸೊಪ್ಪು ಸಿಕ್ಕಿತು. ಹಾಪ್‌ಕಾಮ್ಸ್‌ಗೆ ಹೋದರೆ ನೂರು ರೂಪಾಯಿಯೊಳಗೆ ಮುಗಿಯುವ ಮಾತು. ಏಪ್ರಿಲ್‌ನಿಂದ ಸೊಪ್ಪಿನ ಕುಂಡಗಳು ಬಿಸಿಲಿಲ್ಲದೆ ಸೊರಗುತ್ತವೆ, ಅಲ್ಲಿಗೂ ದೊಡ್ಡಪತ್ರೆ, ಪುದೀನ ಹಬ್ಬಿಸಿದೆ. ಬೇಸಿಗೆಯಲ್ಲಿ ತಂಬುಳಿಗೆ ಬೇಕಾದ್ದು ಅದೇ ತಾನೆ. ಒಂದೆಲಗ, ಜೀರಿಗೆ, ಕಾಯಿ, ಮಜ್ಜಿಗೆ. ಸೊಪ್ಪು ಕಿತ್ತು ಮಿಕ್ಸಿಗೆ ಹಾಕುವ ನಡುವೆ ಐದು ನಿಮಿಷವೂ ಇಲ್ಲ. ಆ ರುಚಿಗೆ ನಾನು ಲೆಕ್ಕ ಹಾಕಿಲ್ಲ.

ರಜೆಯಲ್ಲಿ ಊರಿಗೆ ಹೋಗುವವರು ಟೈಮರ್ ಒಂದನ್ನೇ ನಂಬಬೇಡಿ. ಕರೆಂಟ್ ಹೋಗಿ ಬಂದರೆ ಕೆಲವು ಟೈಮರ್‌ಗಳ ಗಂಟೆ ಹಿಂದೆ ಬೀಳುತ್ತದೆ, ಒಳಗೆ ಬ್ಯಾಟರಿ ಇರುವಂಥದ್ದನ್ನೇ ತಗೊಳ್ಳಿ. ಬಕೆಟ್ಟಿನಲ್ಲಿ ನೀರು ಮುಗಿದು ಪಂಪ್ ಒಣಗಿ ಓಡಿದರೂ ಸುಡುತ್ತದೆ. ನಾವು ಸಾಗರಕ್ಕೆ ಹೋದಾಗ ಕೀ ಕೆಳಗಿನ ಆಂಟಿ ಹತ್ತಿರ ಇರುತ್ತದೆ. ಅವರು ಮೊಮ್ಮಗನ ಕೆಮ್ಮಿಗೆ ದೊಡ್ಡಪತ್ರೆ ಕಿತ್ತುಕೊಂಡು, ಬಕೆಟ್ ತುಂಬಿಸಿ ಹೋಗುತ್ತಾರೆ. ಮನೆ ಬದಲಿಸುವವರು ಎರಡು ದಿನ ಮೊದಲೇ ನೀರು ನಿಲ್ಲಿಸಿ, ಕುಂಡ ಹಗುರ ಆಗುತ್ತವೆ. ಆಮೇಲೆ ಬೋಲ್ಟ್ ಬಿಚ್ಚಿ, ಕುಂಡಗಳನ್ನು ತರಕಾರಿ ಕ್ರೇಟ್‌ಗಳಲ್ಲಿ ನೆಟ್ಟಗೆ ನಿಲ್ಲಿಸಿ ಸಾಗಿಸಿ. ಓನರ್ ಪತ್ರ, ಅಸೋಸಿಯೇಷನ್ ಅನುಮತಿ, ಫ್ರೇಮ್ ಇಡುವ ಮೊದಲು ತೆಗೆದ ಗೋಡೆಯ ಫೋಟೋ, ಈ ಮೂರನ್ನೂ ಅಡ್ವಾನ್ಸ್ ವಾಪಸ್ ಬರುವವರೆಗೆ ಎಸೆಯಬೇಡಿ.